ಡೊಂಬಿವಲಿಯ ‘ಈಸ್ಟ್’ ಮೂಡು ದಿಕ್ಕಿನಲ್ಲಿಲ್ಲ

ಪ್ರಶ್ನೆ: ಮೇಡಂ, ನಾನು ಕುಂದಾಪುರ ಹತ್ತಿರದ ಹಳ್ಳಿಯವಳು, ವಯಸ್ಸು 36. ಮದುವೆಯಾಗಿ ಮುಂಬೈ ಹತ್ತಿರದ ಡೊಂಬಿವಲಿ ಈಸ್ಟಿಗೆ ಬಂದು ಆರು ವರ್ಷ ಆಯ್ತು. ಮರೋಲ್‌ನಲ್ಲಿ ಅಕೌಂಟ್ಸ್ ಕೆಲಸ. ದಿನಾ ಘಾಟ್ಕೋಪರ್‌ವರೆಗೆ ಲೋಕಲ್, ಅಲ್ಲಿಂದ ಮೆಟ್ರೋ. ಆ ಒಂದು ದಾರಿಯಲ್ಲಿ ನನಗೆ ಏನೂ ತೊಂದರೆ ಇಲ್ಲ. ಆದರೆ ದಿನಾ ಹತ್ತುವ ಬ್ರಿಜ್ ಬಿಟ್ಟು ಬೇರೆ ಬ್ರಿಜ್ ಹತ್ತಿದರೆ ಸಾಕು, ಕೆಳಗಿಳಿದಾಗ ನಾನು ಈಸ್ಟಿನಲ್ಲಿದ್ದೇನಾ ವೆಸ್ಟಿನಲ್ಲಿದ್ದೇನಾ ಅಂತಲೇ ತಿಳಿಯುವುದಿಲ್ಲ. ಮರೋಲ್ ನಾಕಾದಲ್ಲಿ ನೆಲದಡಿಯ ಮೆಟ್ರೋ ಶುರುವಾದ ಮೇಲೆ ಒಮ್ಮೆ ಅದರ ಗೇಟಿನಿಂದ ಹೊರಬಂದು, ಆಫೀಸಿಗೆ ಬೆನ್ನು ಹಾಕಿ ಹದಿನೈದು ನಿಮಿಷ ನಡೆದಿದ್ದೆ. ಮನೆಯವರು ಮಗನ ಮುಂದೆಯೇ ‘ನಿನ್ನ ಅಮ್ಮನ ತಲೆಯಲ್ಲಿ ನೆಟ್‌ವರ್ಕ್ ಇಲ್ಲ’ ಅಂತಾರೆ. ಊರಲ್ಲಿ ನಾನು ಒಂದು ದಿನವೂ ದಾರಿ ತಪ್ಪಿದವಳಲ್ಲ. ಗದ್ದೆ, ಹಾಡಿ, ಹೊಳೆ ಎಲ್ಲ ಒಬ್ಬಳೇ ಓಡಾಡಿದವಳು. ಈಗ ಫೋನಿನ ಮ್ಯಾಪ್ ಇಲ್ಲದೆ ತರಕಾರಿಗೂ ಹೋಗಲ್ಲ. ಇದು ಮೆದುಳಿನ ಕಾಯಿಲೆಯಾ? ಮ್ಯಾಪ್ ನೋಡಿ ನೋಡಿ ಹೀಗಾಯ್ತಾ? ಹೆಂಗಸರಿಗೆ ದಾರಿ ತಿಳಿಯೋದು ಕಮ್ಮಿ ಅನ್ನೋದು ನಿಜವಾ? ಇನ್ನೊಂದು ವಿಷಯ. ನಮ್ಮ ಮಾವನಿಗೆ 71. ಮಾಟುಂಗಾದ ಹೋಟೆಲೊಂದರಲ್ಲಿ 30 ವರ್ಷ ದುಡಿದವರು. ತಿಂಗಳಿಗೊಮ್ಮೆ ಹಳೆ ಗೆಳೆಯರನ್ನು ನೋಡಲು ಹೋಗ್ತಾರೆ. ಈಚೆಗೆ ಎರಡು ಸಲ ಸ್ಟೇಷನ್‌ನಿಂದ ಹೊರಬಂದು, ಎತ್ತ ಹೋಗಬೇಕೆಂದು ತಿಳಿಯದೆ ವಾಪಸ್ ಬಂದರು. ನನ್ನದೇ ತೊಂದರೆ ಅವರಿಗೂ ಬಂತಾ?

ಉತ್ತರ:

ನಿಮ್ಮ ಪತ್ರದಲ್ಲಿ ಮಾವನ ವಿಷಯ ಕೊನೆಗೆ ನಾಲ್ಕು ಸಾಲಿನಲ್ಲಿದೆ. ನಾನು ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಅವರನ್ನು ಈ ವಾರವೇ ಡಾಕ್ಟರಿಗೆ ತೋರಿಸಿ. ಹೆದರಿಸಲು ಹೇಳುತ್ತಿಲ್ಲ. ಯಾಕೆ, ಯಾರಿಗೆ ತೋರಿಸಬೇಕು, ಏನು ಕೇಳಬೇಕು ಅನ್ನುವುದನ್ನು ಕೊನೆಯಲ್ಲಿ ವಿವರವಾಗಿ ಬರೆದಿದ್ದೇನೆ.

ನಾನು ನೆನಪಿನ ತೊಂದರೆ ಇರುವವರನ್ನು ಪರೀಕ್ಷೆ ಮಾಡುವ ನ್ಯೂರೋಸೈಕಾಲಜಿಸ್ಟ್. ದಾರಿ ತಪ್ಪುತ್ತದೆ ಎಂದು ಬಂದವರಿಗೆಲ್ಲ ಮೊದಲು ಒಂದೇ ಪ್ರಶ್ನೆ ಕೇಳುತ್ತೇನೆ: ಮೊದಲಿಂದ ಹೀಗೇನಾ, ಈಚೆಗೆ ಹೀಗಾಯ್ತಾ? ನೀವು ಹೊಸ ಊರನ್ನು ಇನ್ನೂ ಪೂರ್ತಿ ಕಲಿತಿಲ್ಲ. ನಿಮ್ಮ ಮಾವ ಚೆನ್ನಾಗಿ ಕಲಿತಿದ್ದ ಊರು ಅವರ ಕೈತಪ್ಪುತ್ತಿರಬಹುದು. ಹೊರಗಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಇಬ್ಬರೂ ಸ್ಟೇಷನ್ ಹೊರಗೆ ನಿಂತು ಆಚೆ ಈಚೆ ನೋಡುತ್ತೀರಿ. ಒಳಗಿನ ಕಥೆ ಮಾತ್ರ ಬೇರೆ ಬೇರೆ.

ಈಗ ನಿಮ್ಮ ವಿಷಯ. ಇದು ಕಾಯಿಲೆಯಾ ಎಂದು ಕೇಳಿದ್ದೀರಿ. ಹುಟ್ಟಿನಿಂದಲೇ ದಾರಿ ಗುರುತು ಸಿಗದ ಒಂದು ಸ್ಥಿತಿ ಇದೆ, ನಿಜ. 2009ರಲ್ಲಿ ಜ್ಯುಸೆಪ್ಪೆ ಇಯಾರಿಯಾ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು ಇಂಥ ಒಬ್ಬ ಮಹಿಳೆಯ ಬಗ್ಗೆ ಬರೆದರು. ಅವರ ಮೆದುಳಿಗೆ ಪೆಟ್ಟು ಬಿದ್ದಿರಲಿಲ್ಲ, ಬುದ್ಧಿಗೆ ಏನೂ ಕೊರತೆ ಇರಲಿಲ್ಲ. ಆದರೂ ಚಿಕ್ಕಂದಿನಿಂದ ತಾವು ಬೆಳೆದ ಜಾಗದಲ್ಲೇ ದಾರಿ ತಪ್ಪುತ್ತಿದ್ದರು. ನಿಮ್ಮದು ಅದಲ್ಲ. ಹಾಡಿಯೊಳಗೆ ಒಬ್ಬರೇ ಹೋಗಿ ಬಂದವರಿಗೆ ಆ ಹೆಸರು ಹಚ್ಚಲು ಬರುವುದಿಲ್ಲ. ದಾರಿ ಹಿಡಿಯುವ ಶಕ್ತಿ ನಿಮ್ಮಲ್ಲಿ ಚೆನ್ನಾಗಿಯೇ ಇದೆ. ಅದು ಊರಿನಲ್ಲಿ ಯಾವುದನ್ನು ಹಿಡಿದು ನಿಂತಿತ್ತೋ ಅದು ಡೊಂಬಿವಲಿಯಲ್ಲಿ ಸಿಗುತ್ತಿಲ್ಲ.

ಊರಿನಲ್ಲಿ ಏನಿತ್ತು ಎಂದು ಸ್ವಲ್ಪ ನೆನಪು ಮಾಡಿಕೊಳ್ಳಿ. ನಾನೂ ಕರಾವಳಿಯವಳೇ, ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ. ಪಡುವಣಕ್ಕೆ ಕಡಲು, ಮೂಡಣಕ್ಕೆ ಘಟ್ಟ. ನೆಲ ಇಳಿಯುವುದು ಕಡಲ ಕಡೆಗೆ, ಮಳೆನೀರು ಹರಿಯುವುದೂ ಹೆಚ್ಚಾಗಿ ಅತ್ತಲೇ. ರಾತ್ರಿ ಕಣ್ಣಿಗೆ ಏನೂ ಕಾಣದಿದ್ದರೂ ಅಲೆಯ ಸದ್ದು ಒಂದು ಕಡೆಯಿಂದ ಬರುತ್ತಿತ್ತು. ಹಿರಿಯರ ಮಾತಿನಲ್ಲೂ ಎಡ ಬಲಕ್ಕಿಂತ ದಿಕ್ಕೇ ಜಾಸ್ತಿ. ‘ಮೂಡ್ ಬದಿ ಗದ್ದೆ’, ‘ತೆಂಕು ಮನೆಯವರು’. ಊರಿನ ಹೆಸರಿನಲ್ಲೂ ಅದೇ: ಪಡುಕೋಣೆ, ಮೂಡ್ಲಕಟ್ಟೆ, ಪಡುಬಿದ್ರಿ, ಮೂಡುಬಿದಿರೆ. ಯಕ್ಷಗಾನವನ್ನೂ ನಾವು ತೆಂಕುತಿಟ್ಟು, ಬಡಗುತಿಟ್ಟು ಎಂದೇ ಕರೆದೆವು. ಇಂಥ ಕಡೆ ಬೆಳೆದ ಮಗು ದಿಕ್ಕನ್ನು ಬೇರೆಯಾಗಿ ಕಲಿಯುವುದಿಲ್ಲ, ಮಾತಿನ ಜೊತೆಗೇ ಕಲಿಯುತ್ತದೆ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಗೂಗು ಯಿಮಿದಿರ್ ಎಂಬ ಭಾಷೆ ಇದೆ. ಆ ಮೂಲನಿವಾಸಿಗಳು ಜಾಗ ಹೇಳುವಾಗ ಎಡ, ಬಲ, ಮುಂದೆ, ಹಿಂದೆ ಎಂಬ ಲೆಕ್ಕವನ್ನೇ ಹಿಡಿಯುವುದಿಲ್ಲ. ಪಕ್ಕದಲ್ಲಿ ಕೂತವರಿಗೂ ‘ಸ್ವಲ್ಪ ಬಡಗಣಕ್ಕೆ ಸರಿ’ ಎನ್ನುವ ಥರ ಹೇಳುತ್ತಾರೆ. ಹಾಗೆ ಮಾತಾಡಲು ತಾನು ಯಾವ ಕಡೆ ಮುಖ ಮಾಡಿದ್ದೇನೆ ಅನ್ನುವುದು ಹಗಲೂ ರಾತ್ರಿ ತಿಳಿದಿರಬೇಕು, ಅಲ್ವಾ? ಅವರಿಗೆ ತಿಳಿದಿರುತ್ತದೆ. ಅವರಷ್ಟು ಅಲ್ಲದಿದ್ದರೂ ನಮ್ಮ ಕರಾವಳಿಯ ಅಜ್ಜಿಯರಿಗೂ ಇದರಲ್ಲಿ ಒಂದು ಪಾಲು ಬಂದಿತ್ತು. ನಿಮಗೂ ಬಂದಿದೆ.

ಈ ಮನಸ್ಸನ್ನು ತೆಗೆದುಕೊಂಡು ನೀವು ಡೊಂಬಿವಲಿಯಲ್ಲಿ ಇಳಿದಿರಿ. ಎಲ್ಲರೂ ಹೇಳಿದರು: ಇದು ಈಸ್ಟ್, ಅದು ವೆಸ್ಟ್. ನಿಮ್ಮ ಮನಸ್ಸು ಅದನ್ನು ಮೂಡು, ಪಡು ಎಂದು ಬರೆದುಕೊಂಡಿತು. ಎಡವಟ್ಟು ಅಲ್ಲೇ ಆಯಿತು ಎಂದು ನನ್ನ ಊಹೆ. ಮುಂಬೈನಲ್ಲಿ ಈಸ್ಟ್, ವೆಸ್ಟ್ ಎಂದರೆ ರೈಲು ಹಳಿಯ ಈಚೆ, ಆಚೆ. ಅಂಧೇರಿಯಲ್ಲಿ ಹಳಿ ಹೆಚ್ಚುಕಡಿಮೆ ತೆಂಕಿನಿಂದ ಬಡಗಿಗೆ ಹೋಗುತ್ತದೆ. ಹಾಗಾಗಿ ಅಲ್ಲಿ ಈಸ್ಟ್ ಎಂದರೆ ನಿಜಕ್ಕೂ ಮೂಡು. ಆದರೆ ಸೆಂಟ್ರಲ್ ಲೈನ್ ಠಾಣೆ ದಾಟಿ ಕಲ್ಯಾಣ್ ಕಡೆ ಹೊರಟಾಗ ಹಳಿ ತಿರುಗುತ್ತದೆ. ದಿವಾದಿಂದ ಕಲ್ಯಾಣ್‌ವರೆಗೆ ಅದು ಮುಖ್ಯವಾಗಿ ಮೂಡಣಕ್ಕೇ ಓಡುತ್ತದೆ, ಸ್ವಲ್ಪ ಬಡಗಿಗೆ ವಾಲಿಕೊಂಡು. ಹಳಿಯೇ ಮೂಡಣಕ್ಕೆ ಹೋಗುತ್ತಿದ್ದರೆ ಅದರ ಎರಡು ಮಗ್ಗುಲು ಯಾವುವು? ತೆಂಕು ಮತ್ತು ಬಡಗು. ನೀವಿರುವ ಡೊಂಬಿವಲಿ ಈಸ್ಟ್ ಇರುವುದು ಹೆಚ್ಚುಕಡಿಮೆ ಹಳಿಯ ತೆಂಕಣಕ್ಕೆ. ವೆಸ್ಟ್ ಇರುವುದು ಬಡಗಣಕ್ಕೆ, ಖಾಡಿಯ (ಹಿನ್ನೀರಿನ) ಕಡೆ. ನಾಳೆ ಬೆಳಿಗ್ಗೆ ಪ್ಲಾಟ್‌ಫಾರ್ಮಿನಲ್ಲಿ ನಿಂತಾಗ ಸೂರ್ಯ ಎಲ್ಲಿದ್ದಾನೆ ನೋಡಿ. ಬೇಸಿಗೆಯಲ್ಲಿ ಕಲ್ಯಾಣ್ ಕಡೆಯ ತುದಿಯತ್ತ ಇರುತ್ತಾನೆ, ಚಳಿಗಾಲದಲ್ಲಿ ಅಲ್ಲಿಂದ ತೆಂಕಿಗೆ ಸರಿದಿರುತ್ತಾನೆ. ಹುಟ್ಟುವ ಹೊತ್ತಿನಲ್ಲಂತೂ ‘ಈಸ್ಟ್’ ಎಂದು ಬೋರ್ಡ್ ಇರುವ ಮೆಟ್ಟಿಲಿನ ನೇರಕ್ಕೆ ಇರುವುದಿಲ್ಲ.

ಅಂದರೆ ಬೆಳಿಗ್ಗೆ ಮನೆ ಬಿಡುವಾಗ ನಿಮ್ಮ ಈಸ್ಟ್ ಒಂದು ದಿಕ್ಕು, ಅಂಧೇರಿ ಈಸ್ಟಿನ ಮರೋಲ್ ತಲುಪಿದಾಗ ಇನ್ನೊಂದು ದಿಕ್ಕು. ಬಿಸಿಲು ಒಂದು ಹೇಳುತ್ತದೆ, ಬೋರ್ಡ್ ಇನ್ನೊಂದು ಹೇಳುತ್ತದೆ. ಎಡ ಬಲದಿಂದ ದಾರಿ ಕಲಿತ ನಿಮ್ಮ ಮನೆಯವರಿಗೆ ಇದು ತಟ್ಟುವುದೇ ಇಲ್ಲ. ಅವರಿಗೆ ಈಸ್ಟ್ ಬರೀ ಒಂದು ಹೆಸರು. ನಿಮಗೆ ಅದು ದಿಕ್ಕು. ನಿಮ್ಮ ಗೊಂದಲಕ್ಕೆ ನಿಮ್ಮ ಊರಿನ ತಿಳಿವಳಿಕೆಯೇ ಅರ್ಧ ಕಾರಣ ಎಂದರೆ ನಂಬುತ್ತೀರಾ?

ಪಟ್ಟಣಗಳು ಹೀಗೆ ಗೊಂದಲ ಮಾಡುವುದು ಹೊಸದೇನಲ್ಲ. ದಾದರ್‌ನಲ್ಲಿ 2023ರ ಡಿಸೆಂಬರ್‌ವರೆಗೆ ಒಂದನೇ ನಂಬರ್ ಪ್ಲಾಟ್‌ಫಾರ್ಮ್ ಎರಡಿದ್ದವು, ವೆಸ್ಟರ್ನ್‌ಗೆ ಒಂದು, ಸೆಂಟ್ರಲ್‌ಗೆ ಒಂದು. ಆಮೇಲೆ 1ರಿಂದ 14ರವರೆಗೆ ಒಂದೇ ಸಾಲಿನ ನಂಬರ್ ಕೊಟ್ಟರು. ಅಲ್ಲಿಯವರೆಗೆ ಅಲ್ಲಿ ತಪ್ಪಿದವರ ತಲೆಯಲ್ಲಿ ಏನೂ ದೋಷ ಇರಲಿಲ್ಲ.

ಬ್ರಿಜ್ ಬದಲಾದರೆ ಊರೇ ತಿರುಗಿದ ಹಾಗೆ ಆಗುತ್ತದೆ ಎಂಬುದಕ್ಕೆ ಇನ್ನೊಂದು ಕಾರಣ ಇದೆ. ಮೆದುಳಿನಲ್ಲಿ ಜಾಗದ ಲೆಕ್ಕ ಇಡುವ ಬೇರೆ ಬೇರೆ ಜೀವಕೋಶಗಳಿವೆ. 1971ರಲ್ಲಿ ಲಂಡನ್‌ನಲ್ಲಿ ಜಾನ್ ಓಕೀಫ್ ಇಲಿಗಳ ಮೆದುಳಿನ ಹಿಪ್ಪೊಕ್ಯಾಂಪಸ್ ಎಂಬ ಭಾಗದಲ್ಲಿ ಒಂದು ಬಗೆಯ ಕೋಶ ಕಂಡರು. ಇಲಿ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಅದು ಮಿಡಿಯುತ್ತದೆ. 2005ರಲ್ಲಿ ನಾರ್ವೆಯ ಮೇ-ಬ್ರಿಟ್ ಮೋಸರ್ ಮತ್ತು ಎಡ್ವರ್ಡ್ ಮೋಸರ್ ಅದರ ಪಕ್ಕದ ಎಂಟೊರೈನಲ್ ಕಾರ್ಟೆಕ್ಸ್‌ನಲ್ಲಿ, ನೆಲದ ಮೇಲೆ ರಂಗೋಲಿ ಚುಕ್ಕಿ ಇಟ್ಟಂತೆ ಸಮ ಅಂತರದಲ್ಲಿ ಮಿಡಿಯುವ ಕೋಶಗಳನ್ನು ತೋರಿಸಿದರು. 2014ರಲ್ಲಿ ಮೂವರಿಗೂ ನೊಬೆಲ್ ಬಂತು. ಇವಲ್ಲದೆ ಮೂರನೆಯದೊಂದು ಗುಂಪು ಇದೆ. ತಲೆ ಯಾವ ಕಡೆ ತಿರುಗಿದೆ ಎಂದು ಲೆಕ್ಕ ಇಡುವ ಕೋಶಗಳು. ಇವು ಕಣ್ಣಿಗೆ ಬಿದ್ದ ಗುರುತನ್ನು ಹಿಡಿದು ಸರಿಯಾಗಿ ನಿಲ್ಲುತ್ತವೆ. ಗುರುತು ತಪ್ಪಿದರೆ ಒಂದೆರಡು ಕೋಶ ಮಾತ್ರ ಜಾರುವುದಿಲ್ಲ, ಎಲ್ಲವೂ ಒಟ್ಟಿಗೇ ಜಾರುತ್ತವೆ.

ಈಗ ನಿಮ್ಮ ಸಂಜೆಯನ್ನು ಯೋಚಿಸಿ. ಲೇಡೀಸ್ ಡಬ್ಬಾದಲ್ಲಿ ಒತ್ತಿಕೊಂಡು ನಿಂತಿರುತ್ತೀರಿ, ಕಿಟಕಿ ಕಾಣುವುದಿಲ್ಲ. ಇಳಿದ ಕೂಡಲೇ ಜನರ ನೂಕಿನಲ್ಲಿ ಮೆಟ್ಟಿಲು, ಮೆಟ್ಟಿಲಿನ ಅರ್ಧದಲ್ಲಿ ಒಂದು ತಿರುವು, ಬ್ರಿಜ್, ಮತ್ತೆ ಮೆಟ್ಟಿಲು. ದಿನದ ಬ್ರಿಜ್ ಆದರೆ ಕಾಲಿಗೇ ಎಣಿಕೆ ಗೊತ್ತು. ಬೇರೆ ಬ್ರಿಜ್ ಆದರೆ ಎಲ್ಲೋ ಒಂದು ತಿರುವಿನ ಲೆಕ್ಕ ತಪ್ಪುತ್ತದೆ. ಅಷ್ಟಕ್ಕೇ ಒಳಗಿನ ದಿಕ್ಸೂಚಿ ಅರ್ಧ ಸುತ್ತು ಹೊಡೆದು ಕೂರುತ್ತದೆ. ನೆಲದಡಿಯ ಮೆಟ್ರೋದಲ್ಲಿ ಇನ್ನೂ ಕಷ್ಟ. ಬಿಸಿಲಿಲ್ಲ, ಕಟ್ಟಡವಿಲ್ಲ, ಎಸ್ಕಲೇಟರ್ ಮೇಲೆ ಎಸ್ಕಲೇಟರ್. ಹೊರಗೆ ಬಂದಾಗ ಮೆದುಳು ಸುಮ್ನೆ ಕೂರುವುದಿಲ್ಲ, ಒಂದು ದಿಕ್ಕನ್ನು ಊಹಿಸಿಬಿಡುತ್ತದೆ. ಆ ಊಹೆ ತಪ್ಪೆಂದು ಒಳಗಿಂದ ತಿಳಿಯುವುದಿಲ್ಲ. ಹಾಗಾಗಿಯೇ ನೀವು ಹದಿನೈದು ನಿಮಿಷ ಅನುಮಾನವೇ ಇಲ್ಲದೆ ನಡೆದಿರಿ.

ಹಾಗಾದರೆ ಆರು ವರ್ಷದಲ್ಲಿ ಯಾಕೆ ಕಲಿಯಲಿಲ್ಲ? ಲಂಡನ್‌ನ ಕಪ್ಪು ಟ್ಯಾಕ್ಸಿ ಚಾಲಕರು ಲೈಸೆನ್ಸ್‌ಗಾಗಿ ಸುಮಾರು 25,000 ರಸ್ತೆಗಳನ್ನು ಬಾಯಿಪಾಠ ಮಾಡಬೇಕು. 2000ದಲ್ಲಿ ಎಲಿನೋರ್ ಮ್ಯಾಗ್ವಾಯರ್ ಮತ್ತು ಜೊತೆಗಾರರು ಅವರ ಮೆದುಳಿನ ಸ್ಕ್ಯಾನ್ ಮಾಡಿ, ಹಿಪ್ಪೊಕ್ಯಾಂಪಸ್‌ನ ಹಿಂಭಾಗ ಬೇರೆಯವರಿಗಿಂತ ದೊಡ್ಡದಿರುವುದನ್ನು ಕಂಡರು. ಇದು ಎಲ್ಲರೂ ಹೇಳುವ ಕಥೆ. ನಿಮಗೆ ಬೇಕಾಗಿರುವುದು ಅದರ ಮುಂದಿನ ಭಾಗ. 2006ರಲ್ಲಿ ಅವರು ಟ್ಯಾಕ್ಸಿಯವರನ್ನು ಅದೇ ಊರಿನ ಬಸ್ ಚಾಲಕರ ಜೊತೆ ಹೋಲಿಸಿದರು. ಅದೇ ಟ್ರಾಫಿಕ್, ಅಷ್ಟೇ ವರ್ಷಗಳ ಅನುಭವ. ಆದರೆ ಗೊತ್ತುಪಡಿಸಿದ ಕೆಲವೇ ರೂಟುಗಳಲ್ಲಿ ಓಡುವ ಬಸ್ ಚಾಲಕರಲ್ಲಿ ಆ ಬದಲಾವಣೆ ಇರಲಿಲ್ಲ. ಆರು ವರ್ಷದಿಂದ ನೀವೂ ಹಾಗೆ ಓಡುತ್ತಿರುವುದು ಒಂದೇ ರೂಟ್. ಅದರಲ್ಲಿ ನೀವು ಪಕ್ಕಾ. ಆದರೆ ಒಂದು ದಾರಿಯನ್ನು ಸಾವಿರ ಸಲ ನಡೆದರೂ ಊರಿನ ನಕ್ಷೆ ತಾನಾಗಿ ತಲೆಯಲ್ಲಿ ಮೂಡುವುದಿಲ್ಲ. ಬೇರೆ ಬೇರೆ ದಾರಿಗಳು ಒಂದಕ್ಕೊಂದು ಎಲ್ಲಿ ಸೇರುತ್ತವೆ ಎಂದು ಕಂಡಾಗ ಮಾತ್ರ ಮೂಡುತ್ತದೆ. ಮನೆ, ಆಫೀಸು, ಮಗು, ಅಡಿಗೆ ನಡುವೆ ಸುಮ್ಮನೆ ಸುತ್ತಾಡಲು ನಿಮಗೆ ಸಮಯ ಎಲ್ಲಿತ್ತು?

ಇದರಲ್ಲಿ ಮನುಷ್ಯರಿಂದ ಮನುಷ್ಯರಿಗೆ ವ್ಯತ್ಯಾಸವೂ ಜಾಸ್ತಿ. 2006ರಲ್ಲೇ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳನ್ನು ಅವರಿಗೆ ಪರಿಚಯವಿಲ್ಲದ ರಸ್ತೆಗಳಲ್ಲಿ ವಾರಕ್ಕೊಮ್ಮೆ, ಹತ್ತು ವಾರ ಕಾರಿನಲ್ಲಿ ಕರೆದೊಯ್ದರು. ಕೆಲವರು ಮೊದಲ ಒಂದೆರಡು ಸಲಕ್ಕೇ ಸರಿಯಾದ ನಕ್ಷೆ ಬರೆದರು. ಕೆಲವರು ಹತ್ತನೇ ವಾರಕ್ಕೂ ಬರೆಯಲಿಲ್ಲ. ಓದಿನಲ್ಲಿ, ಕೆಲಸದಲ್ಲಿ ಜಾಣರಾದವರೂ ಎರಡೂ ಗುಂಪಿನಲ್ಲಿರಬಹುದು. ಅಕೌಂಟ್ಸ್‌ನಲ್ಲಿ ನಿಮ್ಮ ಲೆಕ್ಕ ತಪ್ಪುವುದಿಲ್ಲ ತಾನೇ?

ನಿಮ್ಮ ಮನೆಯವರಿಗೆ ಒಂದು ಪ್ರಶ್ನೆ ಕೇಳಿ. ಮಗನ ಮುಂದೆ ಅವರನ್ನು ಸೋಲಿಸಲು ಬೇಡ, ಮಗನಿಗೂ ವಿಷಯ ತಿಳಿಯಲಿ ಎಂದು. ಪುಣೆ ಇರುವುದು ಕುಂದಾಪುರದ ಮೂಡಣಕ್ಕೋ ಪಡುವಣಕ್ಕೋ? ನಾನು ಇದನ್ನು ಎಷ್ಟೋ ಜನರಿಗೆ ಕೇಳಿದ್ದೇನೆ. ಮೂಡಣಕ್ಕೆ ಎನ್ನುತ್ತಾರೆ. ಪುಣೆ ಘಟ್ಟದ ಮೇಲಿದೆ, ಕುಂದಾಪುರ ಕಡಲ ಬದಿಯಲ್ಲಿದೆ, ಇದರಲ್ಲಿ ಕೇಳುವುದೇನಿದೆ ಎಂದು. ನಕ್ಷೆ ತೆಗೆದು ನೋಡಿ. ಕುಂದಾಪುರವೇ ಪುಣೆಗಿಂತ ಸುಮಾರು 90 ಕಿಲೋಮೀಟರ್ ಮೂಡಣಕ್ಕಿದೆ. ಉಡುಪಿಯಿಂದ ನೇರ ಬಡಗಣಕ್ಕೆ ಗೆರೆ ಎಳೆದರೆ ಅದು ಅಹಿಲ್ಯಾನಗರದ (ಹಿಂದಿನ ಅಹ್ಮದ್‌ನಗರ) ಹತ್ತಿರ ಹೋಗುತ್ತದೆ. ನಮ್ಮ ಕಡಲ ಕರೆ ನೆಟ್ಟಗಿಲ್ಲ, ತೆಂಕಿಗೆ ಹೋದಂತೆ ಮೂಡಣಕ್ಕೆ ವಾಲುತ್ತದೆ. ತಲೆಯೊಳಗಿನ ನಕ್ಷೆ ಮಾತ್ರ ಅದನ್ನು ನೆಟ್ಟಗೆ ಮಾಡಿಟ್ಟುಕೊಂಡಿದೆ. 1978ರಲ್ಲಿ ಸ್ಟೀವನ್ಸ್ ಮತ್ತು ಕೂಪ್ ಎಂಬವರು ಅಮೆರಿಕನ್ನರಲ್ಲಿ ಇದೇ ತಪ್ಪನ್ನು ತೋರಿಸಿದರು. ಕಡಲ ಬದಿಯ ಸ್ಯಾನ್ ಡಿಯಾಗೋ ಊರು, ಒಳನಾಡಿನ ರೀನೋಗಿಂತ ಪಡುವಣಕ್ಕಿದೆ ಎಂದು ಜನ ಹೇಳಿದರು. ನಿಜವಾಗಿ ರೀನೋ ಇರುವುದೇ ಪಡುವಣಕ್ಕೆ. ನಾವು ಪ್ರತಿ ಊರಿನ ಜಾಗ ಬೇರೆ ಬೇರೆ ನೆನಪಿಡುವುದಿಲ್ಲ. ‘ಕರಾವಳಿ’, ‘ಘಟ್ಟ’ ಎಂಬ ದೊಡ್ಡ ಡಬ್ಬಿಗಳ ಜಾಗ ನೆನಪಿಟ್ಟು, ಒಳಗಿನದನ್ನು ಅದರಿಂದ ಊಹಿಸುತ್ತೇವೆ. ದಿನಾ ದಾರಿ ತಪ್ಪದವರೂ ಹೀಗೇ ಮಾಡುತ್ತಾರೆ. ಪೂರ್ತಿ ಸರಿಯಾದ ನಕ್ಷೆ ಯಾರ ತಲೆಯಲ್ಲೂ ಇಲ್ಲ.

ಹೆಂಗಸರ ಮಾತಿಗೆ ಬರೋಣ. ಇಂಥ ಪರೀಕ್ಷೆಗಳಲ್ಲಿ ಸರಾಸರಿಯಲ್ಲಿ ಒಂದು ಸಣ್ಣ ಅಂತರ ಕಾಣುವುದು ಹೌದು. ಆದರೆ ಒಂದು ಫೋನ್ ಆಟದ ಮೂಲಕ ಹಲವು ದೇಶದ ಲಕ್ಷಾಂತರ ಜನರ ದಾರಿ ಹಿಡಿಯುವ ಶಕ್ತಿಯನ್ನು ಅಳೆದಾಗ (2018ರಲ್ಲಿ ಬಂದ ಫಲಿತಾಂಶ ಇದು), ಹೆಣ್ಣು ಗಂಡಿಗೆ ಸಮಾನ ಅವಕಾಶ ಇರುವ ದೇಶಗಳಲ್ಲಿ ಆ ಅಂತರ ಕಮ್ಮಿ ಇತ್ತು. ಹುಡುಗನಿಗೆ ಹತ್ತು ವರ್ಷಕ್ಕೇ ಸೈಕಲ್ ಕೊಟ್ಟು ಹೊರಗೆ ಬಿಟ್ಟು, ಹುಡುಗಿಯನ್ನು ‘ನೇರ ಮನೆಗೆ ಬಾ’ ಎಂದು ಬೆಳೆಸಿದರೆ ಇಬ್ಬರ ತಲೆಯಲ್ಲಿ ಒಂದೇ ನಕ್ಷೆ ಹೇಗೆ ಬರುತ್ತದೆ? ಅದೇ ಆಟದ 2022ರ ಫಲಿತಾಂಶ ನಿಮಗೆ ಖುಷಿ ಕೊಡಬಹುದು. 38 ದೇಶಗಳ ಸುಮಾರು 4 ಲಕ್ಷ ಜನರಲ್ಲಿ, ಪಟ್ಟಣದ ಹೊರಗೆ ಬೆಳೆದವರು ಒಟ್ಟಾರೆ ದಾರಿ ಹುಡುಕುವುದರಲ್ಲಿ ಮುಂದಿದ್ದರು.

ಫೋನಿನ ಮ್ಯಾಪ್ ನಿಮ್ಮ ಮೆದುಳನ್ನು ಕೆಡಿಸಿಲ್ಲ. 2020ರಲ್ಲಿ ಕೆನಡಾದಲ್ಲಿ 50 ಚಾಲಕರ ಮೇಲೆ ಮಾಡಿದ ಅಧ್ಯಯನದಲ್ಲಿ, ಜಿಪಿಎಸ್ ಜಾಸ್ತಿ ಬಳಸಿದವರು ಅದಿಲ್ಲದೆ ದಾರಿ ನೆನಪಿಡುವಾಗ ಹಿಂದೆ ಬಿದ್ದರು. ಮೂರು ವರ್ಷದ ಮೇಲೆ ಮತ್ತೆ ನೋಡಿದಾಗ ಜಾಸ್ತಿ ಬಳಸಿದವರ ಇಳಿಕೆಯೂ ಜಾಸ್ತಿ ಇತ್ತು. ಆದರೆ ಮತ್ತೆ ನೋಡಿದ್ದು 13 ಜನರನ್ನು ಮಾತ್ರ. ಅಷ್ಟರಿಂದ ಹೆದರಿಕೊಳ್ಳುವುದು ಬೇಡ ಎಂದು ನನ್ನ ಅಭಿಪ್ರಾಯ. ನಾನು ಕಂಡ ಮಟ್ಟಿಗೆ ಆಗುವುದು ಇಷ್ಟು: ನೀಲಿ ಚುಕ್ಕೆ ನೋಡುತ್ತಾ ನಡೆದಾಗ ರಸ್ತೆಯನ್ನು ನೋಡುವುದಿಲ್ಲ, ನೋಡದ್ದು ನೆನಪಿಗೆ ಹೋಗುವುದಿಲ್ಲ.

ಹಾಗಾಗಿ ಮ್ಯಾಪ್ ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ರಾತ್ರಿ ಹೊತ್ತು, ಮಳೆಯಲ್ಲಿ, ತಡವಾದಾಗ ಅದನ್ನೇ ನೋಡಿ. ಗಾಬರಿಯಲ್ಲಿ ಯಾರೂ ಕಲಿಯುವುದಿಲ್ಲ. ಆದರೆ ಒಂದು ಸೆಟ್ಟಿಂಗ್ ಬದಲಿಸಿ. ದಾರಿ ತೋರಿಸುವಾಗ ಫೋನು ನೀವು ತಿರುಗಿದಂತೆಲ್ಲ ನಕ್ಷೆಯನ್ನೂ ತಿರುಗಿಸುತ್ತದೆ. ಬಡಗು ಯಾವಾಗಲೂ ಮೇಲೇ ಇರುವಂತೆ ಇಡಿ. ಮೊದಲ ಒಂದು ವಾರ ಕಿರಿಕಿರಿ ಆಗುತ್ತದೆ, ಎಡ ಬಲ ತಿರುವುಮುರುವಾಗುತ್ತದೆ. ಆದ್ದರಿಂದ ರಿಕ್ಷಾ ಹತ್ತುವ ಅವಸರದಲ್ಲಿ ಶುರು ಮಾಡಬೇಡಿ. ಭಾನುವಾರ ಶುರು ಮಾಡಿ. ನಿಮ್ಮಂಥ ದಿಕ್ಕಿನ ಮನಸ್ಸಿಗೆ ಇದು ಬೇಗ ಹತ್ತುತ್ತದೆ.

‘ಈಸ್ಟ್’ ಪದಕ್ಕೆ ಇನ್ನು ಮೇಲೆ ಮೂಡು ಎಂಬ ಅರ್ಥ ಕೊಡಬೇಡಿ. ಅದಕ್ಕೊಂದು ಸುಲಭ ಲೆಕ್ಕ ಇದೆ. ಸೆಂಟ್ರಲ್ ಲೈನ್ ಶುರುವಾಗುವ ಮುಂಬೈ ಸಿಎಸ್‌ಎಂಟಿ ಸ್ಟೇಷನ್‌ಗೆ ಬೆನ್ನು ಹಾಕಿ, ಕಲ್ಯಾಣ್ ಕಡೆ ಮುಖ ಮಾಡಿ ನಿಂತರೆ ನಿಮ್ಮ ಬಲಗೈ ಈಸ್ಟ್, ಎಡಗೈ ವೆಸ್ಟ್. ವೆಸ್ಟರ್ನ್ ಲೈನಿನಲ್ಲೂ ಚರ್ಚ್‌ಗೇಟಿಗೆ ಬೆನ್ನು ಹಾಕಿದರೆ ಇದೇ ಲೆಕ್ಕ. ಸಂಜೆ ರೈಲು ಡೊಂಬಿವಲಿಗೆ ಬರುವಾಗ ಅದರ ಮುಖ ಕಲ್ಯಾಣ್ ಕಡೆಗೇ ಇರುತ್ತದೆ. ಇಳಿಯುವ ಮೊದಲೇ, ಡಬ್ಬಾದಲ್ಲಿ ನಿಂತಿದ್ದಾಗಲೇ, ‘ಮನೆ ಈ ಬಲಗೈ ಕಡೆ’ ಎಂದು ಮನಸ್ಸಿನಲ್ಲಿ ಹೇಳಿಕೊಳ್ಳಿ. ಬ್ರಿಜ್ ಮೇಲಿಂದ ಕೆಳಗಿನ ಹಳಿ ಕಾಣುತ್ತದೆ. ಮುಂಬೈ ಕಡೆಗೆ ಹೊರಟ ರೈಲು, ಕಲ್ಯಾಣ್ ಕಡೆಗೆ ಹೊರಟ ರೈಲು ಯಾವುದೆಂದು ನೋಡಿ ಅದೇ ಲೆಕ್ಕ ಇನ್ನೊಮ್ಮೆ ಹಾಕಿ. ಗರ್ದಿಯಲ್ಲಿ ಬ್ರಿಜ್ ಮಧ್ಯೆ ನಿಲ್ಲಬೇಡಿ, ಅದು ಅಪಾಯ. ನಡೆಯುತ್ತಲೇ ಒಂದು ಕಣ್ಣು ಹಾಯಿಸಿದರೆ ಸಾಕು.

ಇನ್ನೊಂದು ಅಭ್ಯಾಸ ನನ್ನ ಹತ್ತಿರ ಬರುವವರಿಗೆಲ್ಲ ಹೇಳುತ್ತೇನೆ. ಹೊಸ ಗಲ್ಲಿಗೆ ತಿರುಗಿದ ಮೇಲೆ ನಾಲ್ಕು ಹೆಜ್ಜೆ ಹೋಗಿ ಒಮ್ಮೆ ಹಿಂತಿರುಗಿ ನೋಡಿ. ವಾಪಸ್ ಬರುವಾಗ ಆ ಮೂಲೆ ಹಾಗೆಯೇ ಕಾಣುವುದು. ಹೋಗುವಾಗ ಕಂಡದ್ದು ಮೆಡಿಕಲ್ ಅಂಗಡಿಯ ಬೋರ್ಡ್ ಆಗಿರುತ್ತದೆ, ಬರುವಾಗ ಕಾಣುವುದು ಅದರ ಬೋಳು ಗೋಡೆ. ಎಷ್ಟೋ ಜನ ದಾರಿ ತಪ್ಪುವುದು ಬರುವಾಗಲೇ, ಆ ಬೋಳು ಗೋಡೆಯನ್ನು ಅವರು ಮೊದಲು ನೋಡಿಯೇ ಇರುವುದಿಲ್ಲ.

ಭಾನುವಾರ ಮಗನ ಕೈ ಹಿಡಿದು ಸ್ಟೇಷನ್‌ನಿಂದ ಫಡ್ಕೆ ರೋಡ್ ಗಣೇಶ ಮಂದಿರಕ್ಕೆ ಒಂದು ದಾರಿಯಲ್ಲಿ ಹೋಗಿ, ಬೇರೆ ದಾರಿಯಲ್ಲಿ ಬನ್ನಿ. ಬಂದ ಮೇಲೆ ಹಳಿ, ಸ್ಟೇಷನ್, ಮಂದಿರ, ಮನೆ ಇಷ್ಟನ್ನು ಒಂದು ಹಾಳೆಯಲ್ಲಿ ಇಬ್ಬರೂ ಸೇರಿ ಬರೆಯಿರಿ. ಅಂದವಾಗಿ ಬರಬೇಕಿಲ್ಲ. ಮಧ್ಯೆ ಎಲ್ಲಾದರೂ ನಿಂತು ಕಣ್ಣು ಮುಚ್ಚಿ ‘ಮನೆ ಎಲ್ಲಿ?’ ಎಂದು ಬೆರಳು ತೋರಿಸುವ ಆಟ ಆಡಿ. ನಮ್ಮ ಪರೀಕ್ಷೆಯಲ್ಲೂ ಇದೇ ಇದೆ. ಕಣ್ಣು ಮುಚ್ಚಿದವರ ಬೆರಳು ಮೊದಲು ಗಾಳಿಯಲ್ಲಿ ಅಲೆಯುತ್ತದೆ, ಕೆಲವು ವಾರದಲ್ಲಿ ಒಂದು ಕಡೆ ನಿಲ್ಲುತ್ತದೆ. ಇದ್ಯಾವುದೂ ಬೇಡ, ಮ್ಯಾಪ್ ಇದ್ದರೆ ಸಾಕು ಅನಿಸಿದರೂ ತಪ್ಪಿಲ್ಲ. ಚಾರ್ಜರ್ ಜೊತೆಗಿಡಿ ಅಷ್ಟೇ. ಆದರೆ ಮಗನ ಮುಂದೆ ಆಡುವ ಆ ಮಾತನ್ನು ನಿಲ್ಲಿಸಲು ಮನೆಯವರಿಗೆ ಹೇಳಿ. ನಿಮ್ಮ ಸಲುವಾಗಿ ಮಾತ್ರ ಅಲ್ಲ. ‘ನನಗೆ ದಾರಿ ಬರಲ್ಲ’ ಎಂದು ನಂಬಿದವರು ಗುರುತು ನೋಡುವುದನ್ನೇ ಬಿಟ್ಟುಬಿಡುತ್ತಾರೆ. ಮಗನೂ ನಾಳೆ ತನ್ನ ಬಗ್ಗೆ ಅದನ್ನೇ ನಂಬಬಹುದು.

ಈಗ ನಿಮ್ಮ ಮಾವನವರು.

30 ವರ್ಷ ದುಡಿದ ಬೀದಿ ಅದು. ಬೆಳಗಿನ ಜಾವ ಕತ್ತಲಲ್ಲಿ ಹೋಟೆಲ್ ಬಾಗಿಲು ತೆಗೆಯಲು ನಡೆದ ಬೀದಿ. ಅಲ್ಲಿ ಎತ್ತ ಹೋಗಬೇಕೆಂದು ತಿಳಿಯದೇ ಇರುವುದು, ಅದೂ ಎರಡು ಸಲ, ವಯಸ್ಸಿನ ಸಾಮಾನ್ಯ ಮರೆವು ಅಲ್ಲ. ವಯಸ್ಸಾದಂತೆ ಹೊಸ ಜಾಗ ಕಲಿಯುವುದು ನಿಧಾನ ಆಗುತ್ತದೆ. ಹಳೆ ಜಾಗ ಹಾಗೆ ಹೋಗಬಾರದು. ಮೇಲೆ ಹೇಳಿದ ಎಂಟೊರೈನಲ್ ಕಾರ್ಟೆಕ್ಸ್ ಮತ್ತು ಹಿಪ್ಪೊಕ್ಯಾಂಪಸ್ ಇವೆಯಲ್ಲ, ಆಲ್ಝೈಮರ್ ಕಾಯಿಲೆ ಮೊದಲು ಕೈ ಹಾಕುವ ಜಾಗಗಳಲ್ಲಿ ಅವೂ ಸೇರಿವೆ. ಹಾಗಾಗಿ ಪರಿಚಿತ ಜಾಗದಲ್ಲಿ ದಾರಿ ತಪ್ಪುವುದನ್ನು ನಾವು ಲಘುವಾಗಿ ನೋಡುವುದಿಲ್ಲ.

ಒಬ್ಬ ಹಿರಿಯರು ನೆನಪಾಗುತ್ತಾರೆ. ಮಾತು ಸ್ಪಷ್ಟ, ಹಾಸ್ಯ ಚುರುಕು. ತಮ್ಮ ಗಲ್ಲಿಯ ಎಲ್ಲ ಅಂಗಡಿಗಳ ಹೆಸರು ಪಟಪಟ ಹೇಳಿದರು. ಮನೆಯವರು ‘ನೋಡಿ, ಏನೂ ಆಗಿಲ್ಲ’ ಎಂದರು. ನಾನು ಹಾಳೆ ಕೊಟ್ಟು, ಆ ಅಂಗಡಿಗಳನ್ನು ಇದ್ದಲ್ಲಿ ಬರೆಯಿರಿ ಎಂದೆ. ಪೆನ್ಸಿಲ್ ನಿಂತಿತು. ಮೆಡಿಕಲ್ ಅಂಗಡಿಯನ್ನು ಬರೆದರು, ಅಳಿಸಿದರು, ರಸ್ತೆಯ ಆಚೆ ಬರೆದರು, ಮತ್ತೆ ಅಳಿಸಿದರು. ಅಳಿಸಿ ಅಳಿಸಿ ಹಾಳೆ ಅಲ್ಲಿ ತೆಳ್ಳಗಾಗಿ ಹರಿಯಿತು. ಹೆಸರುಗಳೆಲ್ಲ ಇದ್ದವು. ಅವು ಇದ್ದ ಜಾಗ ಹೋಗಿತ್ತು.

ಆದರೆ ನಿಮ್ಮ ಮಾವನಿಗೂ ಅದೇ ಎಂದು ಈಗಲೇ ನಿರ್ಧರಿಸಬೇಡಿ. ಸರಿಪಡಿಸಬಹುದಾದ ಕಾರಣಗಳು ಹಲವು ಇವೆ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್, ರಕ್ತದಲ್ಲಿ ಸೋಡಿಯಂ ಕಮ್ಮಿಯಾಗುವುದು, ಸಕ್ಕರೆ ಮಾತ್ರೆಯಿಂದ ಸಕ್ಕರೆ ತೀರಾ ಇಳಿಯುವುದು, ನಿದ್ದೆ ಮಾತ್ರೆ ಮತ್ತು ಅಲರ್ಜಿ ಮಾತ್ರೆಗಳ ಮಂಕು, ಖಿನ್ನತೆ, ಕಣ್ಣಿನ ಪೊರೆ. ಕೆಲವು ತಿಂಗಳ ಹಿಂದೆ ಬಿದ್ದು ತಲೆಗೆ ಪೆಟ್ಟಾಗಿದ್ದರೆ ಒಳಗೆ ನಿಧಾನವಾಗಿ ರಕ್ತ ಸೇರಿರಬಹುದು, ಅದನ್ನು ಕೇಳಲು ಮರೆಯಬೇಡಿ. ಮೊದಲು ನಿಮ್ಮ ಮಾಮೂಲಿ ಫಿಸಿಶಿಯನ್ ಹತ್ತಿರ ಹೋಗಿ, ಈಗ ನುಂಗುವ ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ಹಾಕಿಕೊಂಡೇ ಹೋಗಿ. ಅಲ್ಲಿಂದ ನ್ಯೂರಾಲಜಿಸ್ಟ್, ಬೇಕಾದರೆ ಎಂಆರ್‌ಐ. ನೆನಪಿನ ಪರೀಕ್ಷೆ ಮಾಡುವಾಗ ಅವರಿಗೆ ಚೆನ್ನಾಗಿ ಬರುವ ಭಾಷೆಯಲ್ಲೇ ಮಾಡಲು ಕೇಳಿ. ಕನ್ನಡದಲ್ಲೂ ಇಂಥ ಪರೀಕ್ಷೆಗಳು ಇವೆ. ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಮಾಡಿ ಕಮ್ಮಿ ಅಂಕ ಬಂತು ಎಂದರೆ ಅದರಿಂದ ಏನೂ ತಿಳಿಯುವುದಿಲ್ಲ. ಗೊಂದಲ ಒಂದೆರಡು ದಿನದಲ್ಲಿ ಇದ್ದಕ್ಕಿದ್ದಂತೆ ಹೆಚ್ಚಾದರೆ, ಮಾತು ತೊದಲಿದರೆ, ಒಂದು ಕಡೆ ಕೈಕಾಲು ಸೋತರೆ ಅಪಾಯಿಂಟ್‌ಮೆಂಟಿಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಈ ನಡುವೆ ಅವರನ್ನು ಒಬ್ಬರೇ ಲೋಕಲ್‌ನಲ್ಲಿ ಕಳಿಸಬೇಡಿ. ದಿಕ್ಕು ತಪ್ಪಿದವರಿಗೆ ಪ್ಲಾಟ್‌ಫಾರ್ಮಿನ ಅಂಚು, ಹಳಿ ಎರಡೂ ಅಪಾಯ. ಹಾಗಂತ ಮನೆಯಲ್ಲೇ ಕೂರಿಸಿದರೆ ಅದರದ್ದೇ ಕೆಡುಕಿದೆ. ಗೆಳೆಯರು ತಪ್ಪುತ್ತಾರೆ, ನಡಿಗೆ ತಪ್ಪುತ್ತದೆ, ಮನಸ್ಸು ಕುಗ್ಗುತ್ತದೆ. ಫೋನಿನಲ್ಲಿ ಲೊಕೇಶನ್ ಹಂಚಿಕೊಳ್ಳುವ ಸೌಲಭ್ಯ ಹಾಕಬಹುದು, ಆದರೆ ಅವರಿಗೆ ಹೇಳಿ, ಒಪ್ಪಿಸಿ ಹಾಕಿ. ಕದ್ದು ಹಾಕಿದ್ದು ತಿಳಿದರೆ ಫೋನನ್ನೇ ಮನೆಯಲ್ಲಿಟ್ಟು ಹೋಗುತ್ತಾರೆ. ಬ್ಯಾಟರಿ ಮುಗಿದರೆ ಅದೂ ಇಲ್ಲ, ಆದ್ದರಿಂದ ಅಂಗಿಯ ಜೇಬಿನಲ್ಲಿ ಹೆಸರು, ನಿಮ್ಮ ಮತ್ತು ಮನೆಯವರ ನಂಬರ್ ಬರೆದ ಒಂದು ಚೀಟಿ ಇರಲಿ.

ಮುಂದಿನ ಸಲ ಮಾಟುಂಗಾಕ್ಕೆ ನೀವು ಅಥವಾ ಮನೆಯವರು ಅವರ ಜೊತೆಗೇ ಹೋಗಿ. ಸ್ಟೇಷನ್ ಹೊರಗೆ ಬಂದ ಮೇಲೆ ದಾರಿ ತೋರಿಸಬೇಡಿ, ಅವರೇ ಮುಂದೆ ನಡೆಯಲಿ. ನೀವು ಎರಡು ಹೆಜ್ಜೆ ಹಿಂದಿರಿ. ಎಲ್ಲಿ ನಿಂತರು, ಏನನ್ನು ನೋಡಿ ಮತ್ತೆ ಹೆಜ್ಜೆ ಹಾಕಿದರು, ಯಾವ ಮೂಲೆಯಲ್ಲಿ ನಿಮ್ಮ ಮುಖ ನೋಡಿದರು ಎಂದು ಗಮನಿಸಿ, ಮನೆಗೆ ಬಂದು ಬರೆದಿಡಿ. ಆ ಹಾಳೆಯನ್ನು ಡಾಕ್ಟರಿಗೆ ಕೊಡಿ. ನಾವು ಒಂದು ಗಂಟೆ ಕೂರಿಸಿ ಮಾಡುವ ಪರೀಕ್ಷೆಯಲ್ಲಿ ಸಿಗದ ವಿವರ ಅದರಲ್ಲಿ ಇರುತ್ತದೆ.